ಸಚಿವ ಚಂದ್ರನ ಅಳಿವೆ ಬಾಗಿಲು

ಸಚಿವರ ಕಥೆ ಬೇಕಾ? ಹೇಳ್ತೆ ಕಾಣಿ. ಪೇಪರಿನಲ್ಲಿ ಬಂದದ್ದಲ್ಲ, ನಾನು ಕಂಡದ್ದು. ನಾನು ಕುಸುಮ, ಹಂಗಾರಕಟ್ಟೆಯಲ್ಲಿ ಮೀನು ಮಾರುವವಳು. ಅವನೂ ನಾನೂ ಏಳನೇ ಕ್ಲಾಸಿನವರೆಗೆ ಒಂದೇ ಶಾಲೆ. ಈಗ ಅವನನ್ನು ‘ಧರ್ಮರತ್ನ ಚಂದ್ರಶೇಖರಣ್ಣ’ ಅನ್ನಬೇಕಂತೆ. ನನ್ನ ಬಾಯಲ್ಲಿ ಅದು ಬಪ್ಪುದಿಲ್ಲ. ಚಂದ್ರ ಅಂತಲೇ ಹೇಳುವೆ.

ಮುಂಬೈಯಲ್ಲಿ ಮಾವನ ಹೋಟೆಲಿನ ದುಡ್ಡಿನ ಗಲ್ಲೆಯಲ್ಲಿ ಕೂತಿದ್ದವನು, ಮಾವನ ಹತ್ರ ಉಗಿಸಿಕೊಂಡು ಊರಿಗೆ ಬಂದ. ಇಲ್ಲಿ ಎಂತ ಕೆಲಸ? ಹೆಗಲಿಗೊಂದು ಕೇಸರಿ ಶಾಲು ಹಾಕಿ ಭಜನಾ ಮಂಡಳಿ ಸೇರಿದ. ಒಂದು ಭಜನೆ ಪೂರ್ತಿ ಬರುವುದಿಲ್ಲ, ತಾಳ ಕುಟ್ಟಿದರೆ ದೇವರಿಗೇ ತಲೆನೋವು, ಆದರೆ ಮೈಕ್ ಮಾತ್ರ ಬಿಡುವವನಲ್ಲ. ಯಾರ ಮನೆ ಹೆಣ್ಣು ಯಾರ ಬೈಕಿನಲ್ಲಿ ಹೋದಳು, ಯಾರು ಯಾರ ಅಂಗಡಿಗೆ ಹೋದರು, ಎಲ್ಲದಕ್ಕೂ ಧರ್ಮಕ್ಕೆ ಅಪಾಯ ಅಂತ ಬೊಬ್ಬೆ. ಧರ್ಮದ ಪಕ್ಷಕ್ಕೆ ಅಂಥವನೇ ಬೇಕಿತ್ತು. ಮೊದಲು ತಾಲ್ಲೂಕು ಪಂಚಾಯಿತಿ, ಆಮೇಲೆ ಶಾಸಕ, ಆಮೇಲೆ ಬಂದರು ಸಚಿವ. ಥೂ!

ನಮಗೆ ಬೇಕಾದದ್ದು ಒಂದೇ. ಹೊಳೆ ಕಡಲಿಗೆ ಸೇರುವ ಬಾಯಿಗೆ ನಮ್ಮಲ್ಲಿ ಅಳಿವೆ ಅನ್ನುವುದು. ಅಲ್ಲಿ ಹೂಳು ತುಂಬಿ ದೋಣಿ ಒಳಗೆ ಬಪ್ಪುದೇ ಕಷ್ಟ. ನನ್ನ ತಮ್ಮ ಕಿಟ್ಟ ದಿನಾ ಅದನ್ನೇ ದಾಟಬೇಕು. ಓಟು ಕೇಳಲು ಬಂದಾಗ ಚಂದ್ರ ದೈವದ ಎದುರು ಕೈ ಮುಗಿದು, ‘ಗೆದ್ದ ವರ್ಷವೇ ಹೂಳ್ ತೆಗೆಸ್ತೆ’ ಅಂದಿದ್ದ. ನಾನೂ ಓಟು ಹಾಕಿದೆ. ನನ್ನ ಬುದ್ಧಿಗಿಷ್ಟು ಬೆಂಕಿ ಬೀಳ!

ಗೆದ್ದ ಮೇಲೆ ಅವನ ನಾಲಗೆ ಬೆಂಗಳೂರಿನದ್ದಾಯಿತು. ಕಡಲ ಬದಿಯಲ್ಲಿ ಸಭೆ ಮಾಡಿದ. ಭಾಷಣ ಬರೆದುಕೊಟ್ಟವನು ಬೆಂಗಳೂರಿನ ಯಾರೋ. ಅಳಿವೆ ಅಂದರೆ ಎಂತದು ಅಂತ ತಿಳಿಯದೆ, ಅಕ್ಷರ ತಪ್ಪು ಅಂದುಕೊಂಡು ತಿದ್ದಿದ್ದಾನೆ. ನಮ್ಮ ಚಂದ್ರ, ಅದೇ ಅಳಿವೆಯಲ್ಲಿ ಈಜಿ ದೊಡ್ಡವನಾದವನು, ಗಂಟಲು ಏರಿಸಿ ಓದಿದ: ‘ಬಂಧುಗಳೇ, ಈ ವರ್ಷವೇ ನಿಮ್ಮ ಅಳಿವಿನ ಬಾಗಿಲು ತೆರೆಸುತ್ತೇನೆ!’

ಶಾಲಿನವರು ಚಪ್ಪಾಳೆ ತಟ್ಟಿದರು. ಹಿಂದಿನಿಂದ ಕಿಟ್ಟ, ‘ಹ್ವಾಯ್ ಚಂದ್ರಣ್ಣ, ನಮ್ದ್ ಆಯ್ತ್, ನಿಮ್ದ್ ಯಾವತ್ತ್?’ ಅಂದ. ನಗೆಯೋ ನಗೆ. ಎಂತಕ್ಕೆ ನಗ್ತಾರೆ ಅಂತಲೂ ಚಂದ್ರನಿಗೆ ತಿಳಿಯಲಿಲ್ಲ. ಹೂಳು ತೆಗೆಯುವ ಡ್ರೆಜ್ಜರ್ ಬರಲಿಲ್ಲ. ರಸ್ತೆಗೆ ಅವನ ಹೆಸರು ಕೆತ್ತಿದ ಸ್ವಾಗತ ಗೋಪುರ ಬಂತು.

ಹೋದ ಸೆಪ್ಟೆಂಬರಿನಲ್ಲಿ ಕಿಟ್ಟನ ದೋಣಿ ಆ ಹೂಳಿಗೇ ತಾಗಿ ಮಗುಚಿತು. ಕಾಲು ಎರಡು ಕಡೆ ಮುರಿಯಿತು. ನೀರಿಗೆ ಹಾರಿ ಅವನನ್ನು ಎಳೆದು ತಂದವರು ಹಿಂದಿನ ದೋಣಿಯ ಹಸನ್ ಸಾಯ್ಬರು.

ಮೂರನೇ ದಿನ ಚಂದ್ರ ಆಸ್ಪತ್ರೆಗೆ ಬಂದ, ಜೊತೆಗೆ ಟಿವಿಯವರು. ಕಿಟ್ಟನ ಹಣೆಗೆ ಕುಂಕುಮ ಹಚ್ಚಿ ಫೋಟೋ ತೆಗೆಸಿದ. ಆಮೇಲೆ ನನ್ನೊಬ್ಬಳನ್ನು ಬಿಟ್ಟು ಎಲ್ಲರನ್ನೂ ಹೊರಗೆ ಕಳಿಸಿ, ಬಾಗಿಲು ಹಾಕಿ, ಜೇಬಿನಿಂದ ಒಂದು ಕಾಗದ ತೆಗೆದ. ಹಸನ್ ಸಾಯ್ಬರ ದೋಣಿ ಬೇಕಂತಲೇ ಬಂದು ಬಡಿಯಿತು ಅಂತ ಪೊಲೀಸರಿಗೆ ದೂರು. ಟೈಪ್ ಮಾಡಿಸಿಯೇ ತಂದಿದ್ದ. ಬೆಂಗಳೂರು ನಾಲಗೆ ಆಗ ಎಲ್ಲಿ ಹೋಯಿತೋ.

‘ಕಿಟ್ಟ, ಒಂದ್ ಸೈನ್ ಹಾಕ್ ಮರಾಯ. ಓಟ್ ಹತ್ರ ಬಂತ್. ನಾಳೆಯೇ ಡ್ರೆಜ್ಜರ್ ಕಳ್ಸ್ತೆ, ದೇವ್ರಾಣೆ.’

ಹಾಗಾದರೆ ಡ್ರೆಜ್ಜರ್ ಇತ್ತು! ಇವನು ಒಂದು ಫೋನ್ ಮಾಡಿದರೆ ಬರುತ್ತಿತ್ತು! ಸುಳ್ಳು ಹೇಳುವುದಿಲ್ಲ, ಒಂದು ಗಳಿಗೆ ನನಗೂ ಆಸೆಯಾಯಿತು. ಆ ಅಳಿವೆ ದಾಟುವ ದೋಣಿ ಕಿಟ್ಟನದ್ದೊಂದೇ ಅಲ್ಲವಲ್ಲ.

ಕಿಟ್ಟ ಕಾಗದ ಪೂರ್ತಿ ಓದಿದ. ‘ಪೆನ್ ಕೊಡಿ’ ಅಂದ. ಚಂದ್ರ ಹಲ್ಲು ಕಿಸಿದು ತನ್ನದೇ ಪೆನ್ನು ಕೊಟ್ಟ. ಕಿಟ್ಟ ‘ಹಸನ್ ಸಾಯ್ಬರ ದೋಣಿ’ ಅಂತ ಇದ್ದಲ್ಲೆಲ್ಲ ಗೆರೆ ಎಳೆದು, ಮೇಲೆ ‘ಸಚಿವರು ತೆಗೆಸದ ಹೂಳು’ ಅಂತ ನಿಧಾನಕ್ಕೆ ಬರೆದ. ಕೆಳಗೆ ಸೈನ್ ಹಾಕಿದ.

‘ತಕಣಿ ಚಂದ್ರಣ್ಣ.’

ಚಂದ್ರ ಕೈ ಚಾಚುವ ಮೊದಲೇ ನಾನು ಅದನ್ನು ಎಳೆದುಕೊಂಡು ಬಾಗಿಲು ತೆಗೆದೆ. ಟಿವಿಯವರು ಅಲ್ಲೇ ನಿಂತಿದ್ದರು.

‘ಬನ್ನಿ, ಕಾಣಿ’ ಅಂದೆ, ‘ಸಚಿವರೇ ಬರೆಸಿ ತಂದ ದೂರು.’