ಚಾಸಿ ನಂಬರಿನ ಮೇಲೆ ಪೆನ್ಸಿಲ್

ನನ್ನ ಅಂಗಿ ಜೇಬಿನಲ್ಲಿ ಈಗಲೂ ಒಂದು ಮೋಟು ಪೆನ್ಸಿಲ್ ಇರುತ್ತದೆ. ಪತ್ರಿಕೆಯ ಡೆಸ್ಕಿನಿಂದ ನಾನು ನಿವೃತ್ತನಾದೆ, ಅದು ಆಗಲಿಲ್ಲ. ಇಷ್ಟು ವರ್ಷ ಸಂಬಳಕ್ಕೆ ತಪ್ಪು ಹುಡುಕಿದವನಿಗೆ ಪುಕ್ಕಟೆ ಹುಡುಕುವ ಅವಕಾಶ ಬಿಡಲು ಮನಸ್ಸಾಗುವುದಿಲ್ಲ. ಮದುವೆ ಪತ್ರಿಕೆ ಬಂದರೆ ಮೊದಲು ತಾರೀಖಿಗೂ ವಾರಕ್ಕೂ ಹೊಂದುತ್ತದೆಯೇ ನೋಡುತ್ತೇನೆ; ಮದುಮಕ್ಕಳ ಹೆಸರು ಆಮೇಲೆ. ಹೀಗಾಗಿ ಲಿಂಗಂಪಲ್ಲಿಯ ನಮ್ಮ ಓಣಿಯಲ್ಲಿ ಯಾರು ಹಳೆ ಗಾಡಿ ಕೊಳ್ಳಲು ಹೊರಟರೂ ಕಾಗದ ನೋಡಲು ನನಗೆ ಕರೆ ಬರುತ್ತದೆ.

ಪಕ್ಕದ ಮನೆಯ ಶರಣಪ್ಪನೂ ಹಾಗೇ ಕರೆದ. ರಾಯಚೂರು ಕಡೆಯವನು, ಶಂಶಾಬಾದಿನ ವಿಮಾನ ನಿಲ್ದಾಣದಲ್ಲಿ ಸಾಮಾನು ಸಾಗಿಸುವ ಕೆಲಸ. ಅವನ ತಂದೆ ಸೈನ್ಯದಲ್ಲಿ ಮೋಟರ್ ಸೈಕಲ್ ಮೇಲೆ ಟಪಾಲು ಒಯ್ಯುತ್ತಿದ್ದವರು. ಮಗ ಮಾತು ಕಲಿಯುವ ಮೊದಲೇ ತೀರಿಕೊಂಡರು. ಉಳಿದದ್ದು ಒಂದೇ ಫೋಟೊ. ಗಾಡಿಯ ಮೇಲೆ ಕುಳಿತ ತಂದೆಯ ಮುಖಕ್ಕೆ ಟೋಪಿಯ ನೆರಳು ಬಿದ್ದಿದೆ. ಸ್ಪಷ್ಟವಾಗಿ ಕಾಣುವುದು ಮಡ್‌ಗಾರ್ಡ್ ಮೇಲಿನ ಸೈನ್ಯದ ನಂಬರು ಮಾತ್ರ.

"ಅದೇ ಗಾಡಿ ಸಿಕ್ಕೈತ್ರಿ ಸರ್, ನಾಂಪಲ್ಲ್ಯಾಗ. ನಮ್ಮಪ್ಪ ಕುಂತಿದ್ದ ಗಾಡಿ! ನೀವು ಬಂದು ಕಾಗದ ಒಂದ್ ನೋಡಿಬಿಡ್ರಿ."

ಗ್ಯಾರೇಜಿನಲ್ಲಿ ಹಸಿರು ಗಾಡಿ ನಿಂತಿತ್ತು. ಮಡ್‌ಗಾರ್ಡ್ ಮೇಲೆ ಸೈನ್ಯದ ಬಿಳಿ ಬಾಣದ ಗುರುತು, ಪಕ್ಕದಲ್ಲಿ ಫೋಟೊದ ಅದೇ ನಂಬರು. ಶರಣಪ್ಪ ಮುಟ್ಟುವ ಮೊದಲು ಅಂಗೈಯನ್ನು ಪ್ಯಾಂಟಿಗೆ ಒರೆಸಿಕೊಂಡ.

ಸೈನ್ಯದಿಂದ ಹರಾಜಿನಲ್ಲಿ ಹೊರಬಂದ ಗಾಡಿಗೆ ಅದು ಎರಡನೇ ಜನ್ಮ. ಹೊಸ ನೋಂದಣಿ, ಹೊಸ ನಂಬರು, ಹೊಸ ಯಜಮಾನ. ಚಾಸಿಯಲ್ಲಿ, ಎಂಜಿನ್ನಿನಲ್ಲಿ ಕೊರೆದ ಅಂಕಿಗಳು ಮಾತ್ರ ಹುಟ್ಟುಮಚ್ಚೆಯಂತೆ ಉಳಿಯುತ್ತವೆ. ನಾನು ತೆಳು ಕಾಗದ ಒತ್ತಿ ಪೆನ್ಸಿಲ್ ಉಜ್ಜತೊಡಗಿದೆ. ಒಂದೊಂದೇ ಅಂಕಿ ಮೇಲೆದ್ದು ಬಂತು.

"ಗಾಡಿ ಲೇರೇ ಕಿ ರಿಶ್ತಾ ದೇಖ್ರೇ, ಸಾಬ್?" ಎಂದು ಮಾರುವವನು ನಕ್ಕ. ಗಾಡಿ ಕೊಳ್ಳುವುದೋ, ಹೆಣ್ಣು ನೋಡುವುದೋ ಎಂದು ಅವನ ಪ್ರಶ್ನೆ.

ನೋಂದಣಿ ಪುಸ್ತಕ ಸರಿ. ಅದರಲ್ಲಿದ್ದ ಹೆಸರೂ ಅವನ ಗುರುತಿನ ಚೀಟಿಯ ಹೆಸರೂ ಒಂದೇ. ಎಂಜಿನ್ ಸರಿ. ಹರಾಜಿನ ಕಾಗದದಲ್ಲಿ ಚಾಸಿ ನಂಬರೂ ಸರಿ. ಅದರ ಕೆಳಗಿನ ಸಾಲಿನಲ್ಲಿ ಗಾಡಿಯ ಹಳೆಯ ಸೈನ್ಯದ ನಂಬರು ಬರೆದಿತ್ತು. ಅದು ಮಡ್‌ಗಾರ್ಡಿನ ನಂಬರಿಗಿಂತ ಬೇರೆ.

ಮಡ್‌ಗಾರ್ಡಿನ ಮೇಲೆ ಹೆಬ್ಬೆರಳು ಒತ್ತಿದೆ. ಬಿಳಿ ಬಣ್ಣ ಬೆರಳಿಗೆ ಹತ್ತಿತು.

"ಶರಣಪ್ಪಾ, ಆ ಫೋಟೊ ಇವರಿಗೆ ಕಳಿಸಿದ್ದೆಯೇನು?"

"ಹೂಂರಿ, ಹೋದ ತಿಂಗಳ. ಹಿಂಥಾ ನಂಬರಿನ ಗಾಡಿ ಬಂದ್ರ ಹೇಳ್ರಿ ಅಂತ..." ಅವನು ನನ್ನ ಹೆಬ್ಬೆರಳನ್ನೇ ನೋಡಿದ.

"ಉನೋ ಖುಷ್ ಹೋತೆ ಬೋಲ್ಕೆ ಲಿಖಾ, ಸಾಬ್," ಎಂದ ಮಾರುವವನು. ಗಿರಾಕಿಗೆ ಖುಷಿಯಾಗಲಿ ಎಂದು ಬರೆದದ್ದಂತೆ. ಅದು ನಿಜವೂ ಇರಬಹುದು.

ಡೆಸ್ಕಿಗೆ ಬಂದ ಹೊಸಬರಿಗೆ ನಾನು ಮೊದಲ ದಿನವೇ ಹೇಳುತ್ತಿದ್ದ ಮಾತೊಂದಿತ್ತು: ಪ್ರಶ್ನೆಯ ಜೊತೆ ಉತ್ತರವನ್ನೂ ಕೈಗೆ ಕೊಡಬೇಡಿ, ಕೊಟ್ಟದ್ದೇ ವಾಪಸು ಬರುತ್ತದೆ. ಪಕ್ಕದ ಮನೆಯವನಿಗೆ ಅದನ್ನು ಹೇಳಬೇಕು ಎಂದು ನನಗೆ ಹೊಳೆದಿರಲಿಲ್ಲ.

ಕೊಳ್ಳಲು ಅಡ್ಡಿಯಿಲ್ಲದ, ಎಲ್ಲ ಕಾಗದವೂ ಸರಿಯಿದ್ದ ಗಾಡಿಯನ್ನು ಅಲ್ಲೇ ಬಿಟ್ಟು ನನ್ನ ಸ್ಕೂಟರಿನಲ್ಲಿ ಹೊರಟೆವು. ಲಕಡಿಕಾಪುಲ್ ಸಿಗ್ನಲ್ಲಿನಲ್ಲಿ ನಿಂತಾಗ ಹಿಂದಿನಿಂದ ದನಿ ಬಂತು: "ನಿಮ್ಮನ್ನ ಕರೀಬಾರದಿತ್ರಿ ಸರ್."

ತಿದ್ದುಪಡಿ ಹಾಕಿದ್ದಕ್ಕೆ ಯಾರೂ ನನಗೆ ಥ್ಯಾಂಕ್ಸ್ ಹೇಳಿದ ನೆನಪಿಲ್ಲ. ಆದರೂ ಆ ಮಾತು ಮನೆಯವರೆಗೂ ಬೆನ್ನಿಗೆ ಅಂಟಿಕೊಂಡೇ ಬಂತು. ಪೆನ್ಸಿಲನ್ನು ಜೇಬಿನಿಂದ ತೆಗೆದು ಮೇಜಿನ ಖಾನೆಯಲ್ಲಿ ಹಾಕಿದೆ. ಎರಡು ವಾರ ಓಣಿಯಲ್ಲಿ ಎದುರಾದಾಗಲೆಲ್ಲ ಶರಣಪ್ಪ ಫೋನ್ ನೋಡಿಕೊಂಡು ಹೋದ.

ನಿನ್ನೆ ಅವನೇ ಬಾಗಿಲಿಗೆ ಬಂದ. ಸಿಕಂದರಾಬಾದಿನಲ್ಲಿ ಇನ್ನೊಂದು ಗಾಡಿ ಇದೆಯಂತೆ. ಸೈನ್ಯದಿಂದ ಬಂದ ಸಾವಿರಾರು ಗಾಡಿಗಳಲ್ಲಿ ಅವನ ತಂದೆಯ ಗಾಡಿಯೇ ಇದಾಗುವ ಸಂಭವ ಎಷ್ಟೆಂದು ನನಗೂ ಗೊತ್ತು, ಅವನಿಗೂ ಗೊತ್ತು.

"ಪೆನ್ಸಿಲ್ ತಗೊಂಡು ಬರ್ರಿ ಸರ್," ಎಂದು ದನಿ ತಗ್ಗಿಸಿದ. "ಈ ಸಲ ಫೋಟೊ ಯಾರಿಗೂ ತೋರ್ಸಿಲ್ಲರಿ."

ಖಾನೆಯಿಂದ ಪೆನ್ಸಿಲ್ ತೆಗೆದು ಚೂಪು ಮಾಡಲು ಕುಳಿತೆ.