ಚಿಗವ್ವನಿಗೆ ಮೊದಲು ಬಡಿಸಿದ ಸೊಪ್ಪು

ಬೆರಕೆ ಸೊಪ್ಪು ಬೇಯುವ ವಾಸನೆ ಬಂದರೆ ಈಗಲೂ ನನಗೆ ಸಂಕಟವಾಗುತ್ತದೆ. ಮೊನ್ನೆ ಮಗಳು ಒಲೆಯ ಮೇಲೆ ಸೊಪ್ಪಿಟ್ಟಿದ್ದಳು. ಟೀವಿಯಲ್ಲಿ ಒಬ್ಬ ಡಾಕ್ಟರಮ್ಮ, ಸೊಪ್ಪು ತರಕಾರಿಯಲ್ಲಿರುವ ಕೆಲವು ಅಂಶಗಳು ಹೆಂಗಸರನ್ನು ಕ್ಯಾನ್ಸರಿನಿಂದ ಒಂದಿಷ್ಟು ಕಾಯಬಹುದು, ಆದರೆ ಬಂದ ಗಂಟನ್ನು ಕರಗಿಸಲಾರವು ಎನ್ನುತ್ತಿದ್ದರು. ಎದ್ದುಹೋಗಿ ಟೀವಿ ಆರಿಸಿದೆ. ಆ ಮಾತು ಎಪ್ಪತ್ತರ ದಶಕದಲ್ಲಿ ಸೊಕ್ಕೆ ಊರಿನ ನಮ್ಮ ಮನೆಗೆ ಬರಬೇಕಿತ್ತು.

ಆ ಮನೆ ಈಗಿಲ್ಲ. ಚಿಕ್ಕಪ್ಪನ ಹೆಂಡತಿ ಬಸಮ್ಮ, ನನ್ನ ಚಿಗವ್ವ, ಮಳೆ ಬಿದ್ದು ಜೋಳದ ಹೊಲ ಹಸಿರಾಯಿತೆಂದರೆ ನನ್ನನ್ನೂ ಕರೆದುಕೊಂಡು ಸೊಪ್ಪು ಕೀಳಲು ಹೊರಡುತ್ತಿದ್ದಳು. ಅಣ್ಣೆ, ಗೋಣಿ, ಕಿರಕಸಾಲೆ, ಎಲ್ಲವೂ ಅವಳ ಮಡಿಲಿಗೆ. "ಇದು ತಿನ್ನಾಕೆ ಬರ್ತೈತೆ, ಅದು ದನಕ್ಕೂ ಬ್ಯಾಡ" ಎಂದು ಎಲೆ ಮುರಿದು ನನ್ನ ಮೂಗಿಗೆ ಹಿಡಿಯುತ್ತಿದ್ದಳು. ಬೇಯಿಸಿ, ಬಸಿದು, ಬೆಳ್ಳುಳ್ಳಿ ಜಜ್ಜಿ ಒಗ್ಗರಣೆ ಕೊಟ್ಟರೆ ಬೀದಿಯವರೆಗೂ ಘಮ. ಮೊದಲು ಗಂಡಸರು, ಆಮೇಲೆ ಮಕ್ಕಳು, ಆಮೇಲೆ ಅಜ್ಜಿ. ಹೊಲದಲ್ಲಿ ಸೊಪ್ಪಿಗೆ ಬರವಿರಲಿಲ್ಲ, ಬರವಿದ್ದದ್ದು ಸೊಸೆಯರ ತಟ್ಟೆಯಲ್ಲಿ. ಅವ್ವ, ಚಿಗವ್ವ ಇಬ್ಬರೂ ರೊಟ್ಟಿ ಚೂರಿನಿಂದ ಪಾತ್ರೆಯ ತಳ ಒರೆಸಿ ಉಣ್ಣುತ್ತಿದ್ದರು. ಇದಕ್ಕೆ ನಮ್ಮಲ್ಲಿ ಮನೆತನ ಎಂಬ ದೊಡ್ಡ ಹೆಸರಿತ್ತು.

ಒಂದು ದಿನ ಬಚ್ಚಲಲ್ಲಿ ತಲೆಗೆ ನೀರು ಹಾಕಿಸಿಕೊಳ್ಳುವಾಗ ಚಿಗವ್ವ ಎದೆಯಲ್ಲಿದ್ದ ಗಂಟನ್ನು ಅಜ್ಜಿಗೆ ತೋರಿಸಿದಳು. ಅಜ್ಜಿ ಮುಟ್ಟಿ ನೋಡಿ, "ಹಾಲುಗಂಟು ಕಣೆ. ದಿನಾ ಸೊಪ್ಪು ತಿನ್ನು, ಕರಗ್ತೈತೆ. ಗಂಡಸು ಡಾಕ್ಟ್ರ ಮುಂದೆ ಸೆರಗು ತೆಗೀತೀಯೇನು?" ಎಂದಳು. ಅಜ್ಜಿ ಕೆಟ್ಟವಳಲ್ಲ, ಸೊಸೆಯೆಂದರೆ ಪ್ರಾಣ. ಅವತ್ತಿನಿಂದ, ಆ ಮನೆಯಲ್ಲಿ ಎಂದೂ ಆಗದ್ದು ಆಯಿತು. ಚಿಗವ್ವನಿಗೆ ಮಣೆ ಹಾಕಿ, ಗಂಡಸರಿಗಿಂತ ಮೊದಲು ಬಡಿಸಿದರು. ಅವಳು ನಾಚಿ, "ಅವ್ರು ಉಣ್ಲಿ ಬಿಡ್ರೀ ಅತ್ತೆ" ಎಂದು ಗೋಗರೆಯುತ್ತಿದ್ದಳು. ಮುಖಕ್ಕೆ ಸ್ವಲ್ಪ ಕಳೆಯೂ ಬಂತು, ನಾವೆಲ್ಲ ಹಿಗ್ಗಿದೆವು. ಸೆರಗಿನ ಮರೆಯಲ್ಲಿ ಗಂಟು ಬೆಳೆಯುತ್ತಲೇ ಇತ್ತು. ಅದು ಒಡೆದು ಕೀವಾದ ಮೇಲೆ ಜಗಳೂರಿಗೆ ಹೋಗಿ ದಾವಣಗೆರೆ ಬಸ್ಸು ಹತ್ತಿಸಿದರು. ಡಾಕ್ಟರು ನೋಡಿ, "ಇಷ್ಟು ದಿನ ಏನ್ ಮಾಡ್ತಿದ್ರಿ?" ಎಂದು ಗದರಿದರಂತೆ. "ಸೊಪ್ಪು ತಿನ್ನಿಸ್ತಿದ್ವಿ ರೀ" ಎಂದಳಂತೆ ಅಜ್ಜಿ. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗಾಗಿತ್ತು. ಮನೆಗೆ ಕರೆದುಕೊಂಡು ಹೋಗಿ ಎಂದು ಕಳಿಸಿಬಿಟ್ಟರು.

ಅಜ್ಜಿ ಆಮೇಲೂ ಸೊಪ್ಪು ಬೇಯಿಸುವುದನ್ನು ಬಿಡಲಿಲ್ಲ. ಬೇರೆ ಏನು ಮಾಡಬೇಕೆಂದು ಅವಳಿಗೂ ಗೊತ್ತಿರಲಿಲ್ಲ, ಪಾಪ. ಚಿಗವ್ವನಿಗೆ ತುತ್ತು ಇಳಿಯುತ್ತಿರಲಿಲ್ಲ. ಒಂದು ಮಧ್ಯಾಹ್ನ, ಯಾರೂ ಇಲ್ಲದಾಗ, ತಟ್ಟೆಯನ್ನು ನನ್ನ ಕಡೆ ಸರಿಸಿದಳು.

"ತಿನ್ನೇ. ಈಗ್ಲೇ ತಿನ್ಕಂಬಿಡು. ದೊಡ್ಡಾಕಿ ಆದ್ಮೇಲೆ ನಿಂಗ್ಯಾರೂ ಇಡಲ್ಲ."

ನಾನು ಹಸಿದಿದ್ದೆ, ತಟ್ಟೆ ಖಾಲಿ ಮಾಡಿದೆ. ಅವಳು ನೋಡುತ್ತ ಮಲಗಿದ್ದಳು. ದೀಪಾವಳಿಗೆ ಅವಳಿರಲಿಲ್ಲ. ಅವಳ ಹೆಸರಿನಲ್ಲಿ ಮಾಡಿದ ಊಟಕ್ಕೂ ಗಂಡಸರೇ ಮೊದಲು ಕೂತರು. ಅವ್ವ ಉಂಡದ್ದು ಎಲ್ಲರದ್ದೂ ಮುಗಿದ ಮೇಲೆ.