ಕನ್ನಿಮೂಲೆಯ ಕಪ್ಪು ಸೊಪ್ಪು

ಬೆಳಿಗ್ಗೆ ಏಳರ ಹೊತ್ತಿಗೆ ಸುನಂದಮ್ಮ ಬ್ಯಾರನ್ನಿನಿಂದ, ಅಂದರೆ ಹೊಗೆಸೊಪ್ಪು ಬೇಯಿಸುವ ಗೂಡಿನಿಂದ, ಬೆಂದ ಎಲೆ ಕಟ್ಟಿದ ಕಡ್ಡಿಗಳನ್ನು ಇಳಿಸಿಕೊಳ್ಳುತ್ತಿದ್ದರು. ಬಾಗಿಲ ಕಡೆಯ ಎಲೆ ಮಾಗಿದ ನಿಂಬೆಯ ಬಣ್ಣಕ್ಕೆ ತಿರುಗಿತ್ತು. ಹಿಂದಿನ ಕನ್ನಿಮೂಲೆಯಿಂದ, ಅಂದರೆ ನೈಋತ್ಯ ಮೂಲೆಯಿಂದ, ಬಂದ ನಲವತ್ತು ಕಡ್ಡಿ ಮಾತ್ರ ಈ ಸಲವೂ ಕಪ್ಪು.

“ಸಾಕು ಬುಡಿ ಅತ್ಗೆ,” ಎಂದ ಮೈದುನ ಮೂರ್ತಿ. “ಪಿರಿಯಾಪಟ್ಣದಿಂದ ಸೊಪ್ಪು ಬೇಯ್ಸೋ ಹುಚ್ಚಯ್ಯನ್ನ ಕರಿಸ್ತೀನಿ. ಬೆಂಕಿ ಕೆಲ್ಸ ಎಂಗಸ್ರದ್ದಲ್ಲ.”

“ನೀನು ದಿನಾ ಉಣ್ಣೋ ಮುದ್ದೆ ಯಾವ ಗಂಡಸು ಬೇಯ್ಸಿದ್ನಪ್ಪ?” ಸುನಂದಮ್ಮ ಕೈ ನಿಲ್ಲಿಸಲಿಲ್ಲ. “ಇನ್ನೊಂದು ಬ್ಯಾರನ್ ತುಂಬ್ಸಿ ಬೇಯ್ಸದು ನಂದು. ಮೂಲೆ ಮತ್ತೆ ಕಪ್ಪಾದ್ರೆ ನಾನೇ ಹುಚ್ಚಯ್ಯಂಗೆ ಸೌದೆ ಎತ್ಕೊಡ್ತೀನಿ.”

ಹನಗೋಡಿನಾಚೆಯ ಈ ಮನೆಯಲ್ಲಿ ಮೂವತ್ತು ವರ್ಷ ಸೊಪ್ಪು ಬೇಯಿಸಿದವರು ಮಾವ ಕೆಂಪಯ್ಯ. ಕಣ್ಣಿಗೆ ಪೊರೆ ಬಂದು ಥರ್ಮಾಮೀಟರ್ ಕಾಣದಾದಾಗ ಈ ವರ್ಷ ಕೈಬಿಟ್ಟರು. ಗಂಡ ಶಿವಶಂಕರ್ ಹುಣಸೂರಿನಲ್ಲಿ ಗೂಡ್ಸ್ ಆಟೋ ಓಡಿಸುತ್ತಾರೆ. ಮೂರ್ತಿಗೆ ಹೊಲದ ಕೆಲಸವೇ ಮುಗಿಯದು. ಬೆಂಕಿಯನ್ನು ಸುನಂದಮ್ಮ ಕೇಳಿಯೇ ತೆಗೆದುಕೊಂಡರು. ಅಲ್ಲಿಯವರೆಗೆ ಅವರ ಕೆಲಸ ಹಸಿ ಎಲೆಯನ್ನು ದಾರದಲ್ಲಿ ಕಡ್ಡಿಗೆ ಕಟ್ಟುವುದಷ್ಟೇ; ಅದನ್ನು ಈಗಲೂ ಬಿಟ್ಟಿರಲಿಲ್ಲ. ಇಪ್ಪತ್ತು ವರ್ಷದಲ್ಲಿ ಆ ಕೆಲಸದಲ್ಲಿ ಅವರಷ್ಟು ಚುರುಕಿನವರು ಊರಲ್ಲಿ ಇರಲಿಲ್ಲ.

ಒಮ್ಮೆ ತುಂಬಿದರೆ ಇಳಿಸಲು ಆರೇಳು ದಿನ. ಮೊದಲ ಸಲ ಎಲೆ ಹಳದಿಗೆ ತಿರುಗುವ ಮುನ್ನವೇ ಶಾಖ ಏರಿಸಿ, ಸೊಪ್ಪು ಹಸಿರಾಗಿಯೇ ಒಣಗಿತು. ಎರಡನೆಯ ಸಲ ಅತಿಯಾಗಿ ಕಾದು ಕಂದಿತು. ಶಾಖವನ್ನು ಯಾವಾಗ, ಎಷ್ಟು ಏರಿಸಬೇಕೆಂದು ಆ ಎರಡರಲ್ಲಿ ಕಲಿತರು. ಉಳಿದದ್ದು ಮೂಲೆ.

“ಅದು ಕನ್ನಿಮೂಲೆ ಕಣವ್ವ, ಅದ್ರ ಪಾಲು ಅದು ತಗತದೆ,” ಎಂದಿದ್ದರು ಕೆಂಪಯ್ಯ. ವರ್ಷಕ್ಕೊಮ್ಮೆ ಅಲ್ಲಿ ತೆಂಗಿನಕಾಯಿ ಒಡೆದು ಅವರು ಸುಮ್ಮನಾಗುತ್ತಿದ್ದರು.

“ಪಾಲು ತಿನ್ನಕ್ಕೆ ಮೂಲೆಗೇನು ಬಾಯಿ ಅದಾ ಮಾವ?”

ಮೂರನೆಯ ಸಲ ತುಂಬುವ ಮುನ್ನ ಸುನಂದಮ್ಮ ಬಿಸಿಗಾಳಿಯ ಕೊಳವೆಯ ಮಸಿಯನ್ನೆಲ್ಲ ಕೆರೆದರು. ಬೇರೇನನ್ನೂ ಮುಟ್ಟಲಿಲ್ಲ, ಎರಡನ್ನು ಒಟ್ಟಿಗೆ ಬದಲಿಸಿದರೆ ಯಾವುದರಿಂದ ಸರಿಹೋಯಿತೆಂದು ತಿಳಿಯದು. ಮೂಲೆ ಕಪ್ಪಾಯಿತು. ನಾಲ್ಕನೆಯ ಸಲ ಗೋಡೆಯ ಬಿರುಕಿಗೆಲ್ಲ ಮಣ್ಣು ಮೆತ್ತಿದರು. ಈ ಬೆಳಿಗ್ಗೆ ಇಳಿದದ್ದು ಆ ಸೊಪ್ಪು.

ಬೆಂಕಿ, ಕೊಳವೆ, ಗೋಡೆ ಮೂರೂ ಆಯಿತು. ಉಳಿದದ್ದು ಸೊಪ್ಪು. ಐದನೆಯ ಸಲಕ್ಕೆ ಅವರು ಹಳೆಯ ಸೀರೆಗಳನ್ನು ಹರಿದು, ಕಟ್ಟುವ ಒಬ್ಬೊಬ್ಬ ಹೆಂಗಸಿಗೂ ಒಂದೊಂದು ಬಣ್ಣದ ಚೂರು ಕೊಟ್ಟು, ಅವರವರು ಕಟ್ಟಿದ ಕಡ್ಡಿಗೆ ಬಿಗಿಯಲು ಹೇಳಿ, ತಾವೂ ಒಂದು ಬಣ್ಣ ಇಟ್ಟುಕೊಂಡರು.

“ಏನ್ ಸುನಂದಕ್ಕ, ಸೊಪ್ಪಿಗೂ ತಾಳಿ ಕಟ್ಟುಸ್ತಿದ್ದೀಯಾ?” ಪಕ್ಕದ ಮನೆಯ ಮಾರಮ್ಮ ನಕ್ಕರು.

“ಊಂ. ಯಾರು ಯಾರ್ನ ಕಟ್ಕೊಂಡವ್ರೆ ಅಂತ ಗೊತ್ತಾಗ್ಲಿ.”

ವಾಡಿಕೆಯಲ್ಲಿ ಮೊದಲು ಮುಗಿದ ಕಡ್ಡಿ ಮೊದಲು ಒಳಗೆ ಹೋಗಿ ಹಿಂದಿನ ಮೂಲೆ ಸೇರುತ್ತಿತ್ತು. ಈ ಸಲ ಅದನ್ನು ತಡೆದು ಬಾಗಿಲ ಬಳಿ ಏರಿಸಿ, ಕೊನೆಗೆ ಕಟ್ಟಿದ್ದನ್ನು ಮೂಲೆಗೆ ಕಳಿಸಿದರು.

ಏಳನೆಯ ದಿನ ಬಾಗಿಲು ತೆರೆದಾಗ ಕನ್ನಿಮೂಲೆ ಪೂರ್ತಿ ಹಳದಿ. ಕಪ್ಪಾಗಿದ್ದದ್ದು ಬಾಗಿಲ ಬಳಿಯ ನಲವತ್ತು ಕಡ್ಡಿ. ಎಲ್ಲದರ ಮೇಲೂ ಕೆಂಪು ಚೂರು. ಕೆಂಪು ಸುನಂದಮ್ಮನದು.

ಅವರು ನೆಲಕ್ಕೆ ಕೂತು ಒಂದು ಗಂಟು ಬಿಚ್ಚಿದರು. ಐದು ಎಲೆ ಒಂದಕ್ಕೊಂದು ಅಂಟಿ ಕೊಳೆತಿದ್ದವು. ಮಾರಮ್ಮನ ಗಂಟಿನಲ್ಲಿ ಮೂರೇ. ಬೇಗ ಮುಗಿಸಲೆಂದು ಇಪ್ಪತ್ತು ವರ್ಷ ಐದೈದು ಸೇರಿಸಿ ಕಟ್ಟಿದ್ದರು. ನಡುವೆ ಗಾಳಿಯೇ ಆಡಿರಲಿಲ್ಲ. ಎಲ್ಲರಿಗಿಂತ ಮೊದಲು ಮುಗಿಯುತ್ತಿದ್ದ ಅವರ ಕಡ್ಡಿಗಳೇ ಪ್ರತಿ ಸಲ ಮೂಲೆ ಸೇರುತ್ತಿದ್ದವು.

“ನೋಡಿ ಮತ್ತೆ, ತಪ್ಪು ನಿಮ್ದೇ,” ಎಂದ ಮೂರ್ತಿ.

“ನಂದೇ. ಕಟ್ಟಿದ್ದು ತಪ್ಪು, ಬೇಯ್ಸಿದ್ದಲ್ಲ. ಇಷ್ಟ್ ವರ್ಸ ಮೂಲೆ ಮೇಲೆ ಆಕಿದ್ರಲ್ಲ, ಒಬ್ರಾದ್ರೂ ಗಂಟು ಬಿಚ್ಚಿ ನೋಡಿದ್ರಾ? ನಿನ್ ಹುಚ್ಚಯ್ಯ ಬಂದಿದ್ರೂ ಮೂಲೆಗೇ ಕಾಯಿ ಒಡೀತಿದ್ದ.”

ಜಗಲಿಯಲ್ಲಿದ್ದ ಕೆಂಪಯ್ಯ ಕಪ್ಪು ಎಲೆಯನ್ನು ಬೆರಳಲ್ಲಿ ತಡವಿ ನೋಡಿದರು. “ಅಂಗಾರೆ ನಾನು ಕಾಯಿ ಒಡ್ದಿದ್ದೆಲ್ಲ ಈ ಸೊಸೆಗೆ,” ಎಂದರು. ಆಮೇಲೆ ಮೂರ್ತಿಯತ್ತ ತಿರುಗಿ, “ಬ್ಯಾಡ ಅಂತ ಹುಚ್ಚಯ್ಯಂಗೆ ಫೋನ್ ಮಾಡೋ,” ಎಂದರು.

ಮೂರ್ತಿ ಸಂಜೆ ಫೋನ್ ಮಾಡಿದ. ಸೋಮವಾರ ಆರನೆಯ ಬ್ಯಾರನ್ ತುಂಬುತ್ತದೆ. ಬೆಂಕಿ ಹಾಕುವವರು ಸುನಂದಮ್ಮ.